ನಡಾವಳಿ ಪುಸ್ತಕದಲ್ಲಿಲ್ಲದ ದಾರಿ

ಸುರಪುರದಲ್ಲಿ ಹುಟ್ಟಿ ಬೆಳೆದ ನನಗೆ ನನ್ನ ಮಾತಿನ ಬಗ್ಗೆ ಮೊದಲ ಸಲ ನಾಚಿಕೆಯಾದದ್ದು ಬೆಂಗಳೂರಿನ ನೌಕರಿ ತರಬೇತಿಯಲ್ಲಿ. “ಸಾಹೇಬ್ರು ಬಂದಾರ್ರಿ” ಅಂದಿದ್ದಕ್ಕೆ ತರಗತಿಯೆಲ್ಲ ಗೊಳ್ಳೆಂದು ನಕ್ಕಿತ್ತು. ಹಠ ಹಿಡಿದು ಕಚೇರಿಯ ಕನ್ನಡ ಕಲಿತೆ. ಶಹಾಪುರ ತಾಲೂಕಿನ ಒಂದು ಪಂಚಾಯ್ತಿಗೆ ಗುಮಾಸ್ತನಾಗಿ ಬರುವ ಹೊತ್ತಿಗೆ, ನನ್ನಷ್ಟು ಚೆಂದ ಸಭೆಯ ನಡಾವಳಿ ಬರೆಯುವವರು ಈ ಸೀಮೆಯಲ್ಲೇ ಇಲ್ಲ ಎಂಬ ಜಂಬ ತಲೆಗೇರಿತ್ತು.

ಒಂದು ಗ್ರಾಮಸಭೆಯಲ್ಲಿ ದಲಿತರ ಕೇರಿಯ ಕೂಲಿ ಹೆಂಗಸೊಬ್ಬಳು ಎದ್ದು ನಿಂತಳು. ನನ್ನ ಅವ್ವನ ವಯಸ್ಸು.

“ನಮ್ಮ ಮಸಣಕ್ಕ ಹೋಗೋ ದಾರಿಗಿ ಅಧ್ಯಕ್ಷರ ಅಣ್ಣ ಮುಳ್ಳುಬೇಲಿ ಹಾಕ್ಯಾನ್ರಿ. ನಾಳಿ ಯಾರರ ಸತ್ರ ಹೆಣ ಎಲ್ಲಿಂದ ಒಯ್ಯಬೇಕು? ಇದನ್ನ ಬರಕೋರಿ,” ಅಂದಳು.

ಅಧ್ಯಕ್ಷರು ನನ್ನ ಕಡೆ ನೋಡಿದರು. ಆ ನೋಟವೇ ಸಾಕಾಗಿತ್ತು. ‘ರಸ್ತೆ ಸೌಕರ್ಯದ ಕುರಿತು ಸುದೀರ್ಘವಾಗಿ ಚರ್ಚಿಸಲಾಯಿತು’ ಎಂದು ದುಂಡಗೆ ಬರೆದೆ. ಆ ಸಾಲು ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಸಭೆ ಮುಗಿದ ಮೇಲೆ ನಡಾವಳಿ ಓದಿ ಹೇಳಿ, ಬಂದವರಿಂದ ರುಜು ಹಾಕಿಸಿಕೊಳ್ಳುವುದು ವಾಡಿಕೆ. ಗಡಗಡನೆ ಓದಿ ಮುಗಿಸಿದೆ. ಆಕೆ ಮೇಜಿನ ಹತ್ತಿರ ಬಂದಳು.

“ನಾ ಹೇಳಿದ್ದು ಇದರಾಗ ಅದ ಏನಪ್ಪಾ?”

“ಎಲ್ಲಾ ಅದ ಯವ್ವಾ,” ಅಂದೆ. ಬರೆಯುವಾಗ ಬೇಡವಾಗಿದ್ದ ನಮ್ಮ ಮಾತು ಸುಳ್ಳು ಹೇಳುವಾಗ ತಾನಾಗಿಯೇ ನಾಲಿಗೆಗೆ ಬಂತು. ಆಕೆ ಹೆಬ್ಬೆಟ್ಟು ಒತ್ತಿ ಹೋದಳು.

ಮುಂದಿನ ಮಳೆಗಾಲದಲ್ಲಿ ಆಕೆಯ ಗಂಡ ತೀರಿಕೊಂಡ. ಬೇಲಿ ಹಾಗೇ ಇತ್ತು. ಹೆಣ ಹೊತ್ತು, ಎದೆಮಟ್ಟ ನೀರಿದ್ದ ಹಳ್ಳ ದಾಟಿದರಂತೆ. ಆಕೆಯ ದೂರಿನ ಮೇಲೆ ಯಾದಗಿರಿಯಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ನಡಾವಳಿ ಪುಸ್ತಕ ತರಿಸಿ, ಹಾಳೆ ತಿರುವಿ, “ಬೇಲಿ ಅಂತ ಎಲ್ಲೂ ಇಲ್ಲವಲ್ಲಮ್ಮ. ಕೆಳಗೆ ನಿನ್ನದೇ ಹೆಬ್ಬೆಟ್ಟಿದೆ,” ಎಂದರು. ದೂರು ಅಲ್ಲಿಗೇ ಮುಗಿಯಿತು. ಪಕ್ಕದಲ್ಲೇ ನಿಂತಿದ್ದ ನಾನು ನಿಜ ಹೇಳಬಹುದಿತ್ತು. ನೌಕರಿಯ ಹೆದರಿಕೆ, ಹೇಳಲಿಲ್ಲ.

ಅಧಿಕಾರಿಯ ಜೀಪು ಹೋದ ಮೇಲೆ ಆಕೆ ಕಚೇರಿಯ ಕಟ್ಟೆಯ ಮೇಲೆ ಕೂತಿದ್ದಳು. ಬೈಯಲಿ ಎಂದುಕೊಂಡೇ ಹತ್ತಿರ ಹೋದೆ. ಬೈಯಲಿಲ್ಲ.

“ಅವತ್ತ ನೀ ಓದಿದ್ದು ನನಗ ಒಂದೂ ತಿಳಿಲಿಲ್ಲಪಾ,” ಅಂದಳು. “ಆಮ್ಯಾಲ ನಮ್ಮಂಗ ಮಾತಾಡಿದಿ ನೋಡು, ಅದಕ್ಕ ನಂಬಿದೆ.”