ಕೆಂಡ ಕಾಯುತ್ತಿದ್ದ ಅತ್ತೆ

ನನ್ನ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಹಳೆಯ ಕೊಂಬಿನ ಚೂರಿನಂತೆ ಹಳದಿಗಟ್ಟಿ, ದಪ್ಪಗಾಗಿ, ತುದಿಯಲ್ಲಿ ತುಸು ಬಾಗಿತ್ತು. ಉಳಿದ ಉಗುರುಗಳನ್ನು ಆಕೆ ಕುಡುಗೋಲಿನ ಮೊನೆಯಿಂದ ತೆಗೆದುಕೊಳ್ಳುತ್ತಿದ್ದಳು. ಅದೊಂದನ್ನು ಮಾತ್ರ ಬೆಳೆಯಲು ಬಿಟ್ಟಿದ್ದಳು. ಹಂದಿಯ ಪಕ್ಕೆಲುಬಿನ ಒಳಮೈಗೆ ಉಳ್ಳಾಗಡ್ಡಿಯ ಸಿಪ್ಪೆಯಂಥ ತೆಳುವಾದ ಪೊರೆಯೊಂದು ಅಂಟಿಕೊಂಡಿರುತ್ತದೆ. ಆ ಉಗುರನ್ನು ಎಲುಬಿನ ಅಂಚಿಗೆ ತೂರಿಸಿ ಪೊರೆಯ ಮೂಲೆ ಎಬ್ಬಿಸುತ್ತಿದ್ದಳು. ಜಾರದಿರಲೆಂದು ಬೆರಳಿಗೆ ಬೂದಿ ಹಚ್ಚಿಕೊಂಡು ಎಳೆದಳೆಂದರೆ ಅದು ಎಲ್ಲಿಯೂ ಹರಿಯದೆ ಕೊನೆಯತನಕ ಬಿಚ್ಚಿಕೊಂಡು ಬರುತ್ತಿತ್ತು.

ನಾನು ಮದುವೆಯಾಗಿ ಮಸ್ಕಿ ಸೀಮೆಯ ಆ ಊರಿಗೆ ಹೋದದ್ದು ನಿಜಾಮನ ಕಾಲದಲ್ಲಿ. ಬೇಡರ ಓಣಿಯ ಕೊನೆಯ ಮನೆ ನಮ್ಮದು. ಮನೆಯಲ್ಲಿ ಅತ್ತೆ, ಆಕೆಯ ಒಬ್ಬನೇ ಮಗ, ನಾನು. ನಾನು ಹೋಗುವ ಮೊದಲೇ ಮಾವ ತೀರಿಕೊಂಡಿದ್ದ. ಗುಡ್ಡಕ್ಕೆ ಬೇಟೆಗೆ ಹೋದವರು ಹಂದಿ ಹೊತ್ತು ತಂದರೆ ಉಳಿದ ಮಾಂಸವನ್ನು ಓಣಿಯವರು ಅಲ್ಲೇ ಪಾಲು ಹಾಕಿಕೊಳ್ಳುತ್ತಿದ್ದರು. ಎರಡು ಬದಿಯ ಪಕ್ಕೆಲುಬು ಮಾತ್ರ ಇಡಿಯಾಗಿ ನಮ್ಮ ಅಂಗಳಕ್ಕೆ ಬರುತ್ತಿತ್ತು. ಅದನ್ನು ಸುಡುವುದಕ್ಕೆ ಬೇರೆ ಯಾರೂ ಕೈ ಹಾಕುತ್ತಿರಲಿಲ್ಲ.

ಪೊರೆ ತೆಗೆದ ಮೇಲೆ ಹೆಚ್ಚಿನ ಕೊಬ್ಬು ಕೆರೆದು, ಕಲ್ಲುಪ್ಪು, ಹುರಿದು ಕುಟ್ಟಿದ ಕೆಂಪು ಖಾರ, ಬೆಳ್ಳುಳ್ಳಿ, ಹುಣಸೆ ಹುಳಿ, ಬೆರಳ ತುದಿಯಷ್ಟು ಬೆಲ್ಲ ಸೇರಿಸಿ ತಿಕ್ಕುತ್ತಿದ್ದಳು. ಆಮೇಲೆ ಅದನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ಅರ್ಧ ದಿನ ನೆರಳಿಗಿಡುವುದು. ಅಷ್ಟರಲ್ಲಿ ಜಾಲಿ ಕಟ್ಟಿಗೆ ಉರಿದು ಕೆಂಡವಾಗಬೇಕು. ಹೊಸತರಲ್ಲಿ ನಾನು ಉರಿ ಎದ್ದ ಕೂಡಲೇ ಮಾಂಸ ತರಲು ಏಳುತ್ತಿದ್ದೆ. ಆಕೆ ಸೆರಗು ಹಿಡಿದು ಕೂರಿಸುತ್ತಿದ್ದಳು.

"ಉರಿ ನೋಡಿ ಹಿಗ್ಗಬ್ಯಾಡ ಬೇ. ಅದು ಮ್ಯಾಲ ಕರಕ ಮಾಡ್ತೈತಿ, ಒಳಗ ಹಸೀನ ಬಿಡ್ತೈತಿ. ಕೆಂಡ ಆಗೂತನ ಸುಮ್ನ ಕುಂದ್ರು."

ಹಸಿ ಕೋಲುಗಳ ಅಟ್ಟಣಿಗೆ ಕಟ್ಟಿ, ಅದರ ಮೇಲೆ ಪಕ್ಕೆಲುಬು ಹಾಸಿ, ಎದುರಿಗೆ ಕುಕ್ಕರುಗಾಲಲ್ಲಿ ಕೂತರೆ ಬಿಸಿಲು ಇಳಿಯುವವರೆಗೆ ಆಕೆ ಏಳುತ್ತಿರಲಿಲ್ಲ. ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಎದ್ದರೆ ಉಪ್ಪುನೀರು ಚಿಮುಕಿಸಿ "ಸುಮ್ಕಿರಲೇ" ಎಂದು ಬೆಂಕಿಗೇ ಬೈಯುತ್ತಿದ್ದಳು. ಮಾಂಸ ಹಿಂದೆ ಸರಿದು ಎಲುಬಿನ ತುದಿ ಬೆಳ್ಳಗೆ ಕಂಡಾಗ ಬೆಂದಿತೆಂದು ಲೆಕ್ಕ. ಓಣಿಯ ಮುದುಕರಿಗೆ ಮೊದಲು, ಬಸುರಿಯರಿಗೆ ಆಮೇಲೆ, ಉಳಿದವರಿಗೆ ಕೊನೆಗೆ. ತನಗೆ ಉಳಿದರೆ ಉಳಿಯಿತು. ಊರಲ್ಲಿ ಆಕೆಯನ್ನು ಬಾಯಿಬಡಕಿ ಎನ್ನುತ್ತಿದ್ದವರೂ ಅವತ್ತು ಬಂದು ಅಂಗಳದಲ್ಲಿ ಕೂರುತ್ತಿದ್ದರು. ಆಕೆ ಯಾರನ್ನೂ ಎಬ್ಬಿಸಿ ಕಳಿಸಿದ್ದನ್ನು ನಾನು ಕಂಡಿಲ್ಲ.

ಒಂದು ವರ್ಷ ಹಿಂಗಾರಿ ಜೋಳದ ತೆನೆ ಹಾಲುಗಾಳು ಕಟ್ಟಿತ್ತು. ನಮ್ಮ ಹೊಲದ ಬದುವಿನಾಚೆ ಜಾಗೀರುದಾರನ ಶಿಕಾರಿ ಅಡವಿ. ಅಲ್ಲಿ ಅವನನ್ನೂ ಅವನ ಅತಿಥಿಗಳನ್ನೂ ಬಿಟ್ಟು ಬೇರೆ ಯಾರೂ ಬೇಟೆಯಾಡಬಾರದೆಂದು ಹುಕುಂ ಇತ್ತು. ಅಡವಿಯ ಹಂದಿಗಳಿಗೆ ಆ ಹುಕುಂ ಗೊತ್ತಿರಲಿಲ್ಲ. ಹೊಲಕ್ಕೆ ನುಗ್ಗಿ ಬೆಳೆಯನ್ನು ಮಲಗಿಸುತ್ತಿದ್ದವು. ಒಂದು ನಸುಕಿನಲ್ಲಿ ನನ್ನ ಗಂಡ ನಮ್ಮದೇ ಹೊಲದಲ್ಲಿ ಒಂದು ಹಂದಿಗೆ ಭರ್ಚಿ ಎಸೆದ. ಏಟು ತಿಂದ ಹಂದಿ ಓಡಿ ಬದು ದಾಟಿ ಅಡವಿಯೊಳಗೆ ಬಿತ್ತು. ಅವನು ಹೋಗಿ ಎಳೆದುಕೊಂಡು ಬಂದ.

ಮಧ್ಯಾಹ್ನ ಪಕ್ಕೆಲುಬು ಕೆಂಡದ ಮೇಲಿದ್ದಾಗಲೇ ಅಡವಿಯ ಕಾವಲುಗಾರರು ಬಂದರು. ವಾಸನೆ ಹಿಡಿದು ಬಂದರೋ, ಯಾರಾದರೂ ಹೇಳಿ ಕಳಿಸಿದ್ದರೋ, ಇವತ್ತಿಗೂ ತಿಳಿಯದು. ನನ್ನ ಗಂಡ ಅಡಗಲಿಲ್ಲ. "ನಮ್ಮ ಹೊಲ್ದಾಗ ಹೊಡದೀನ್ರಿ, ಬರ್ರಿ, ನೆತ್ತರ ತೋರಸ್ತೀನಿ" ಎಂದ. ಅವರು ಹೊಲ ನೋಡಲು ಹೋಗಲಿಲ್ಲ. ಒಬ್ಬ ಬೂಟುಗಾಲಿಂದ ಅಟ್ಟಣಿಗೆ ಒದ್ದ. ಮಾಂಸ ಕೆಂಡದೊಳಗೆ ಬಿತ್ತು. ಗಂಡನ ಕೈ ಹಿಂದಕ್ಕೆ ಕಟ್ಟಿ ಲಿಂಗಸುಗೂರಿನ ಹಾದಿ ಹಿಡಿದರು.

ಅತ್ತೆ ಅವರ ಹಿಂದೆ ಊರ ಹೊರಗಿನವರೆಗೆ ಓಡಿ, ತಿರುಗಿ ಬಂದು ಕೂತಳು. ಓಣಿಯವರು ಯಾರು ಚಾಡಿ ಹೇಳಿದರೆಂದು ಜಗಳ ತೆಗೆದರೆ ಆಕೆ ಒಂದೇ ಮಾತು ಹೇಳಿದಳು: "ಯಾರೂ ಹೇಳಿಲ್ಲಪ್ಪಾ. ನಾ ಹಚ್ಚಿದ ಹೊಗಿನ ಅವ್ರನ್ನ ಕರಕೊಂಡು ಬಂತು."

ಲಿಂಗಸುಗೂರಿನ ಕಚೇರಿಯ ಮುಂದೆ ನಾವಿಬ್ಬರೂ ಬೀಡುಬಿಟ್ಟೆವು. ಹಗಲು ಕಚೇರಿಯ ಗೋಡೆಯ ನೆರಳು, ರಾತ್ರಿ ಛತ್ರದ ಪಡಸಾಲೆ. ಅಲ್ಲಿಯ ಹವಾಲಾತಿನಲ್ಲಿ ಕೂಡಿಹಾಕಿದ್ದವನ ಮುಖ ನೋಡಲು ಪೊಲೀಸ್ ಅಮೀನ ಬಿಡಲಿಲ್ಲ. ನಾವು ಕೊಟ್ಟ ರೊಟ್ಟಿಯ ಗಂಟನ್ನು ಪಹರೆಯವನು ದಿನಾ ಒಳಗೆ ಒಯ್ಯುತ್ತಿದ್ದ. ಬಟ್ಟೆ ಖಾಲಿಯಾಗಿ ಹೊರಗೆ ಬಂದರೆ ಅತ್ತೆ ಅದನ್ನು ಮೂಸಿ ನೋಡಿ "ಉಂಡಾನ" ಎನ್ನುತ್ತಿದ್ದಳು.

ಹಾಗಿರುವಾಗ ಹಳೆಯ ಚಿನ್ನದ ಗಣಿಯ ಗುಂಡಿಗಳನ್ನು ನೋಡಲು ಬಂದ ಒಬ್ಬ ಪರಂಗಿ ಸಾಹೇಬ ಬಂಗ್ಲೆಯಲ್ಲಿ ಇಳಿದುಕೊಂಡ. ಜಾಗೀರುದಾರ ಅವನನ್ನು ಅದೇ ಅಡವಿಗೆ ಶಿಕಾರಿಗೆ ಕರೆದೊಯ್ದ. ಸಾಹೇಬ ಒಂದು ಹಂದಿ ಹೊಡೆದು ಅದರ ಪಕ್ಕೆಲುಬನ್ನು ಕೆಂಡದ ಮೇಲೆ ಸುಟ್ಟುಕೊಡಿ ಎಂದನಂತೆ. ಬಂಗ್ಲೆಯ ಅಡುಗೆಯವನು ಹಂದಿಯನ್ನು ಮುಟ್ಟುವವನಲ್ಲ. ಕಚೇರಿಯ ಕಾಗದಪತ್ರ ನೋಡುವ ಪೇಷ್ಕಾರ ಅತ್ತೆಯ ಹತ್ತಿರ ಬಂದ.

"ಏ ಮುದುಕಿ, ಹಂದಿ ಸುಡಾಕ ನಿನ್ನಂಥಾಕಿ ಇಲ್ಲಂತಲ್ಲ? ಛಲೋತ್ನಾಗಿ ಮಾಡು. ಸಾಹೇಬ್ರು ಖುಷಿ ಆದ್ರ ನಿನ್ನ ಮಗನ ಮಾತು ತೆಗೀತೀನಿ."

ಅತ್ತೆ ಅವನ ಪಾದದ ಮುಂದಿನ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಬಂಗ್ಲೆಯ ಹಿಂದೆ ಬೇವಿನ ಮರದ ಕೆಳಗೆ ಆಕೆ ಅವತ್ತು ಮಾಡಿದ್ದನ್ನು ನಾನು ಮರೆಯಲಾರೆ. ಕಟ್ಟಿಗೆಯನ್ನು ಒಂದೊಂದಾಗಿ ಬಡಿದು ನೋಡಿ ಹಸಿಯದ್ದನ್ನು ಆಚೆ ಎಸೆದಳು. ಪೊರೆ ಎಳೆಯುವ ಮೊದಲು ಎರಡೂ ಕೈ ತೊಳೆದು ನನ್ನ ಸೆರಗಿಗೆ ಒರೆಸಿಕೊಂಡಳು. ಅರ್ಧ ದಿನ ಖಾರ ಹಿಡಿಸಿ, ಕೆಂಡಕ್ಕೆ ಕೊಟ್ಟು, ಕಣ್ಣು ಪಿಳುಕಿಸದೆ ಕಾದಳು. ಆ ದಿನ ಬೆಂಕಿಗೆ ಬೈಯಲಿಲ್ಲ. "ನಮ್ಮವ್ವಾ, ಇವತ್ತೊಂದಿನ ನನ್ನ ಮಾತು ಕೇಳು" ಎಂದು ಬೇಡಿಕೊಂಡಳು. ಎಲುಬಿನ ತುದಿಗಳು ಬೆಳ್ಳಗೆ ಹೊರಬಂದಾಗ ಆಕೆಯ ಮುಖದಲ್ಲಿ ನಗುವಿನಂಥದೇನೋ ಬಂದು ಹೋಯಿತು.

ಸಾಹೇಬ ತಟ್ಟೆಗೂ ಕಾಯದೆ ಬೇವಿನ ಕೆಳಗೇ ನಿಂತು ತಿಂದ. ಬೆರಳು ನೆಕ್ಕಿಕೊಂಡು ಏನೋ ಅಂದ. "ಇಂಥಾದ್ದು ತಮ್ಮ ದೇಶದಾಗೂ ತಿಂದಿಲ್ಲಂತ" ಎಂದು ಪೇಷ್ಕಾರ ತಿಳಿಸಿದ. ಅತ್ತೆ ತಡೆಯಲಾರದೆ ಸಾಹೇಬನ ಮುಂದೆ ಅಡ್ಡಬಿದ್ದಳು. "ಎಪ್ಪಾ, ನನ್ನ ಮಗನ್ನ ಬಿಡಸ್ರಿ. ನೀವೂ ಹೊಡದೀರಿ, ಅವನೂ ಹೊಡದಾನ. ಅವ ಹೊಟ್ಟೀಸಲುವಾಗಿ ಹೊಡದಾನ್ರಿ." ಪೇಷ್ಕಾರ ಅವರ ಮಾತಿನಲ್ಲಿ ಏನು ಹೇಳಿದನೋ ಏನೋ. ಸಾಹೇಬ ನಕ್ಕು, ತಲೆಯಾಡಿಸಿ, ಒಳಗಿನಿಂದ ಬಿಸ್ಕೀಟಿನ ತಗಡಿನ ಡಬ್ಬಿ ತರಿಸಿ ಆಕೆಯ ಕೈಗಿಟ್ಟ. ಬೆಳಿಗ್ಗೆ ಅವನ ಮೋಟಾರು ಹೊರಟುಹೋಯಿತು.

ಅತ್ತೆ ಆ ಡಬ್ಬಿ ಎತ್ತಿಕೊಂಡು ನೇರ ಹವಾಲಾತಿಗೆ ಹೋದಳು. ಮಗನಿಗೆ ಕೊಡಬೇಕೆಂದು ಒಂದನ್ನೂ ಮುಟ್ಟಿರಲಿಲ್ಲ. ಪಹರೆಯವನು ನೆಲ ನೋಡುತ್ತಾ ಹೇಳಿದ: "ಅವ ಇಲ್ಲಿ ಎಲ್ಲದಾನಬೇ? ಹೋದ ವಾರನ ರಾಯಚೂರು ಜೇಲಿಗೆ ಒಯ್ದಾರ. ನಿನಗ ಹೇಳಾಕ ಬಾಯಿ ಬರಲಿಲ್ಲ." ಆಮೇಲೂ ಖಾಲಿಯಾಗಿ ಬರುತ್ತಿದ್ದ ಬಟ್ಟೆಯ ರೊಟ್ಟಿಯನ್ನು ಯಾರು ತಿಂದರೆಂದು ಅತ್ತೆ ಕೇಳಲಿಲ್ಲ. ಪೇಷ್ಕಾರನ ಹತ್ತಿರವೂ ಮತ್ತೆ ಹೋಗಲಿಲ್ಲ. ಹಂದಿ ಸುಡಲು ಕರೆದಾಗ ಅವನಿಗೆ ಎಲ್ಲ ಗೊತ್ತಿತ್ತೆಂದು ನಮ್ಮಿಬ್ಬರಿಗೂ ತಿಳಿದಿತ್ತು.

ನಾವು ಊರಿಗೆ ಮರಳಿದೆವು. ಮಳೆಗಾಲ ಹಿಡಿಯುವ ಹೊತ್ತಿಗೆ ಸುದ್ದಿ ಬಂತು. ಜೈಲಿನಲ್ಲಿ ವಾಂತಿಭೇದಿ ಬಂದಿತ್ತಂತೆ, ಸತ್ತವರನ್ನು ಅಲ್ಲೇ ಒಟ್ಟಿಗೆ ಮಣ್ಣು ಮಾಡಿದರಂತೆ. ಹೆಣ ನೋಡಲಿಲ್ಲವಾದ್ದರಿಂದ ಅತ್ತೆ ನಂಬಲಿಲ್ಲ. ನನ್ನ ಬಳೆ ಒಡೆಯಲು ಬಂದ ಹೆಂಗಸರನ್ನು ಅಂಗಳದಿಂದಲೇ ಅಟ್ಟಿದಳು.

ಅದಾದ ಮೇಲೂ ಬೇಟೆಯವರು ಪಕ್ಕೆಲುಬು ತಂದು ಇಡುತ್ತಿದ್ದರು. ಆಕೆ ಬೇಡವೆನ್ನಲಿಲ್ಲ. ಆದರೆ ಪೊರೆ ತೆಗೆಯದೆ, ಖಾರ ಹಿಡಿಯಲು ಬಿಡದೆ, ಧಗಧಗ ಉರಿಯಲ್ಲೇ ಎಸೆದು ತೆಗೆದು ಕೊಡುತ್ತಿದ್ದಳು. ಹೊರಗೆ ಸೀದು ಒಳಗೆ ರಕ್ತ ಒಸರುವ ಆ ಮಾಂಸವನ್ನು ಓಣಿಯವರು ಜಗಿದು ನುಂಗುತ್ತಿದ್ದರು.

ಮರುವರ್ಷ ಸಾಲಗುಂದದ ಕಡೆಯ ಹೆಂಡತಿ ಸತ್ತವನೊಬ್ಬನಿಗೆ ನನ್ನನ್ನು ಉಡಿಕಿ ಮಾಡಿಕೊಡಲು ಆಕೆಯೇ ಮಾತಾಡಿ ಬಂದಳು. ಮಗ ಸತ್ತಿಲ್ಲವೆನ್ನುವವಳು ಸೊಸೆಗೆ ಎರಡನೆಯ ಗಂಡನನ್ನು ಹುಡುಕಿದ್ದು ಹೇಗೆಂದು ನಾನು ಅಳುತ್ತಾ ಜಗಳವಾಡಿದೆ, ಉಣ್ಣುವುದನ್ನು ಬಿಟ್ಟೆ. ಆಕೆ ನನ್ನ ತಲೆಗೆ ಎಣ್ಣೆ ಹಾಕುತ್ತಾ ಹೇಳಿದಳು:

"ನೀ ಇಲ್ಲಿ ಇದ್ರ ಇಬ್ಬರೂ ಕುಂತು ಅವನ ಹಾದಿ ನೋಡ್ತೀವಿ. ಅದಕ್ಕ ಒಬ್ಬಾಕಿ ಸಾಕು. ನೀ ಹೋಗು."

ಹಸಿರು ಬಳೆಗಳನ್ನು ತಾನೇ ತೊಡಿಸಿದಳು. ಬಂಡಿ ಹತ್ತುವಾಗ ಹೊರಗೆ ಬರಲಿಲ್ಲ.

ಆಕೆ ಸತ್ತದ್ದು ಒಂದು ಬೇಸಿಗೆಯಲ್ಲಿ. ಸಿಂಧನೂರಿನ ಸಂತೆಗೆ ಬಂದವರು ಸುದ್ದಿ ತರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಕೊನೆಯ ದಿನಗಳಲ್ಲಿ ರಾಯಚೂರಿನ ಕಡೆಯಿಂದ ಬಂದವರನ್ನೆಲ್ಲ ನಿಲ್ಲಿಸಿ ಜೈಲಿನ ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳುತ್ತಿದ್ದಳಂತೆ.

ಮುಂದೆ ನಿಜಾಮನ ಆಳಿಕೆ ಮುಗಿಯಿತು. ರಾಯಚೂರು ಜೈಲಿನಲ್ಲಿದ್ದವರನ್ನು ಬಿಟ್ಟಿದ್ದಾರೆ, ಸಿಂಧನೂರಿನ ರಸ್ತೆಯಲ್ಲಿ ನಡೆದು ಬರುತ್ತಿದ್ದಾರೆ ಎಂದು ಜನ ಓಡಿದರು. ನಾನೂ ಸಾಲಗುಂದದಲ್ಲಿ ಹುಟ್ಟಿದ ನನ್ನ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿ ರಸ್ತೆಯ ಬದಿಯಲ್ಲಿ ನಿಂತೆ. ಅವನು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಅತ್ತೆ ಇದ್ದಿದ್ದರೆ ಬಂದು ನಿಲ್ಲುತ್ತಿದ್ದಳು, ಅದಕ್ಕೆ ನಿಂತೆ. ಗಡ್ಡ ಬೆಳೆದ ಮುಖಗಳು ಒಂದೊಂದಾಗಿ ದಾಟಿದವು. ಪ್ರತಿಯೊಂದನ್ನೂ ಆಕೆ ನೋಡುವಂತೆ ನೋಡಿದೆ. ಕೊನೆಯವನೂ ಹೋದ ಮೇಲೆ ರಸ್ತೆಯಲ್ಲಿ ಧೂಳು ಕೂತಿತು. ಮಗು ಹಸಿದು ಅಳಲು ಶುರುಮಾಡಿತು.