ಗುರುಶಾಂತಪ್ಪನವರ ಗಾಜಿನ ಕಪಾಟು

ಅಮೆರಿಕದ ಜಾರ್ಜಿಯಾ ರಾಜ್ಯದ ಸುವಾನಿ ಊರಿನಲ್ಲಿರುವ ಗುರುಶಾಂತಪ್ಪನವರ ಮನೆಗೆ ಮೊದಲ ಸಲ ಹೋದಾಗ ಅವರು, "ಕೈ ತೊಳಕೊಂಡು ಬರ್ರಿ, ಕೆಳಗ ಹೋಗೂಣು" ಎಂದರು. ಬೇಸ್‌ಮೆಂಟಿನಲ್ಲಿ ದೇವರ ಮನೆ ಇರಬೇಕೆಂದುಕೊಂಡು ನಾನು ಕೈ ಮುಗಿದುಕೊಂಡೇ ಇಳಿದೆ. ಅಲ್ಲಿ ಗಾಜಿನ ಕಪಾಟಿನ ತುಂಬ ಇದ್ದದ್ದು ಬೆರಳುದ್ದದ ಹಳೆಯ ಆಟದ ಕಾರುಗಳು, ನಮ್ಮ ಬಾಲ್ಯದಲ್ಲಿ ಟೂತ್‌ಪೇಸ್ಟಿನ ಜೊತೆ ಪುಕ್ಕಟೆ ಬರುತ್ತಿದ್ದ ಪ್ಲಾಸ್ಟಿಕ್ ಪ್ರಾಣಿಗಳು. ಆ ಕೋಣೆಯಲ್ಲಿ ಅವರು ದನಿ ತಗ್ಗಿಸಿಯೇ ಮಾತಾಡುತ್ತಾರೆ, ಯಾರಾದರೂ ಸೀನುವಂತೆ ಕಂಡರೆ ಕಪಾಟಿಗೆ ಅಡ್ಡ ನಿಲ್ಲುತ್ತಾರೆ, "ಡಬ್ಬಿ ಸಮೇತ ಈ ಅಂಬಾಸಿಡರ್ ಇಡೀ ಜಾರ್ಜಿಯಾದಾಗ ನನ್ನ ಕಡೆ ಅಷ್ಟ ಐತಿ ನೋಡ್ರಿ" ಎಂದು ರಾಜ್ಯಪಾಲರ ಗತ್ತಿನಲ್ಲಿ ಹೇಳುತ್ತಾರೆ. ಮಕ್ಕಳಿರುವವರು ಊಟಕ್ಕೆ ಬಂದರಂತೂ ತಟ್ಟೆ ಹಿಡಿದು ಬೇಸ್‌ಮೆಂಟಿನ ಮೆಟ್ಟಿಲ ಮೇಲೆಯೇ ಕಾವಲು ಕೂರುತ್ತಾರೆ, ಹೆಂಡತಿ ನೀಲಗಂಗಾ, "ಹೋಳಿಗಿ ಅಲ್ಲೇ ತಂದು ಕೊಡ್ಲೇನ್ರಿ, ವಾಚ್‌ಮನ್ ಸಾಹೇಬ್ರ?" ಎಂದು ಕೆಣಕುತ್ತಾರೆ. ಕಳೆದ ದೀಪಾವಳಿಯಲ್ಲಿ ಗುರುಶಾಂತಪ್ಪ ತುಪ್ಪಕ್ಕೆಂದು ಎದ್ದುಹೋದ ಒಂದೇ ನಿಮಿಷದಲ್ಲಿ ನನ್ನ ಮೂರು ವರ್ಷದ ಮಗಳು ಕೆಳಗಿಳಿದು, ಬೀಗ ಹಾಕಲು ಮರೆತಿದ್ದ ಕಪಾಟಿನಿಂದ ಹಳದಿ ಆನೆಯೊಂದನ್ನು ತೆಗೆದು ಬಾಯಿಯ ಹತ್ತಿರ ತಂದಿದ್ದಳು. ಅವರು ಓಡಿಬಂದು, ಉಸಿರು ಬಿಗಿಹಿಡಿದು, ಅವಳ ಒಂದೊಂದೇ ಬೆರಳು ಬಿಡಿಸಿ ಆನೆಯನ್ನು ತೆಗೆದುಕೊಂಡರು. ಆನೆಯ ಸೊಂಡಿಲಿನ ಮೇಲೆ ಆಗಲೇ ಪುಟ್ಟ ಹಲ್ಲುಗಳ ಹಳೆಯ ಗುರುತಿತ್ತು. "ಹೇಗೂ ಯಾರೋ ಕಚ್ಚಿರೋ ಆನೆ, ಇನ್ನೊಂದು ಸಲ ಕಚ್ಚಿದ್ರೆ ಏನಾಗುತ್ತೆ ಸರ್?" ಎಂದೆ. "ಕಚ್ಚಿದಾವ ನನ್ನ ತಮ್ಮ," ಎಂದರು. "ಎರಡು ವರ್ಷದಾವ ಇದ್ದಾಗ ಹೋದ. ಅವಂದು ಒಂದೂ ಫೋಟೋ ಇಲ್ಲ."