ನಿಂಬೆಹಣ್ಣಿನ ಗಾತ್ರದ ಹೆಲ್ಮೆಟ್‌ಗಳು

ನನ್ನ ಸೋದರತ್ತೆ ಮೂವತ್ತಾರು ವರ್ಷ ಬೇರೆಯವರಿಗೆ ಹಲ್ಲು ಮಾಡಿಕೊಟ್ಟಳು. ಅವಳು ಡಾಕ್ಟರಲ್ಲ. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ ಸೆಟ್ಟು ತಯಾರಿಸುವುದು ಅವಳ ಕೆಲಸ. ಲ್ಯಾಬು ಇದ್ದದ್ದು ಒಂದು ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಮೆಟ್ಟಿಲು ಹತ್ತುವಷ್ಟು ಹೊತ್ತು ರಬ್ಬರಿನ ವಾಸನೆ, ಬಾಗಿಲು ತೆಗೆದರೆ ಕಾದ ಮೇಣದ ವಾಸನೆ. ಕಿಟಕಿಯ ಪಕ್ಕದ ಮೇಜು ಅವಳದು. ಅದರ ಮೇಲೆ ಯಾವಾಗ ನೋಡಿದರೂ ಏಳೆಂಟು ದವಡೆಗಳು ಸಾಲಾಗಿ ಕೂತು ಹಲ್ಲು ಕಿಸಿಯುತ್ತಿದ್ದವು. ಹೊಸದಾಗಿ ಬಂದವರು ಬೆಚ್ಚಿದರೆ, "ಹೆದರ್ಬೇಡಿ, ಇವು ಕಚ್ಚೋಕೆ ಇನ್ನೂ ನಾಲ್ಕು ದಿನ ಬೇಕು" ಅನ್ನುತ್ತಿದ್ದಳು.

ಮಕ್ಕಳಾದ ನಮಗೆಲ್ಲ ಅವಳು ಹಲ್ಲತ್ತೆ. ಅವಳು ಮದುವೆಯಾಗಲಿಲ್ಲ. ಅಜ್ಜಿ ಆ ಮಾತು ಎತ್ತಿದಾಗಲೆಲ್ಲ ಅವಳದು ಒಂದೇ ಉತ್ತರ: "ದಿನಾ ಹತ್ತು ಜನರ ಬಾಯಿ ನೋಡೋದು ಸುಲಭ ಕಣಮ್ಮ. ಒಂದೇ ಬಾಯಿ ಜೀವನಪೂರ್ತಿ ನೋಡೋಕೆ ನನ್ ಕೈಲಾಗಲ್ಲ." ಅಜ್ಜಿ ತಲೆ ತಲೆ ಚಚ್ಚಿಕೊಂಡು ಒಳಗೆ ಹೋಗುತ್ತಿದ್ದಳು.

ಇಂಥ ಅತ್ತೆ ಆಟಿಕೆ ಹೆಲ್ಮೆಟ್‌ಗಳ ಹಿಂದೆ ಬಿದ್ದದ್ದಕ್ಕೆ ಕಾರಣ ನನ್ನಪ್ಪನ ನಾಲ್ಕು ಹಲ್ಲು.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಡಿಪೋದವರದ್ದೊಂದು ಕ್ರಿಕೆಟ್ ತಂಡವಿತ್ತು. ಡ್ರೈವರು, ಕಂಡಕ್ಟರು, ಗುಮಾಸ್ತ, ವೆಲ್ಡರ್ ಎಲ್ಲ ಸೇರಿ ಹನ್ನೊಂದು ಜನ. ಭಾನುವಾರ ಬಂತೆಂದರೆ ಡಿಪೋ ಹಿಂದಿನ ಮೈದಾನದಲ್ಲಿ ಆಟ. ಮೊದಲು ಬ್ಯಾಟಿಗಿಳಿಯುವವನು ಅಪ್ಪನೇ. ಆಗೆಲ್ಲ ತಲೆಗೆ ಯಾರೂ ಏನೂ ಹಾಕುತ್ತಿರಲಿಲ್ಲ, ಬಿಸಿಲಿಗೊಂದು ಬಟ್ಟೆಯ ಟೋಪಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ನನಗೆ ಒಂಬತ್ತು ತುಂಬಿದ ವರ್ಷ. ಅವತ್ತು ಗಾಜಿನ ಕಾರ್ಖಾನೆಯ ತಂಡದ ಜೊತೆ ಪಂದ್ಯ. ಅವರ ಬೌಲರ್ ಕುಲುಮೆಯ ಮುಂದೆ ನಿಂತು ಗಾಜು ಊದುವವನು. ಯಾವ ಬಾಗಿಲಿಗೂ ಬಗ್ಗಿಯೇ ಬರಬೇಕಾದಷ್ಟು ಎತ್ತರ, ಹಾಗಾಗಿ ಎಲ್ಲರ ಬಾಯಲ್ಲೂ ಉದ್ದಣ್ಣ. ಅವನು ಎಸೆದ ಮೂರನೆಯ ಬಾಲು ನೆಲದ ಯಾವುದೋ ಉಬ್ಬಿಗೆ ತಾಗಿ ಎದ್ದು ನೇರವಾಗಿ ಅಪ್ಪನ ಬಾಯಿಗೆ ಬಡಿಯಿತು. ಗೋಡೆಯ ನೆರಳಲ್ಲಿ ಅಮ್ಮನ ಪಕ್ಕ ಕೂತಿದ್ದ ನನಗೂ 'ಟಕ್' ಅನ್ನುವ ಸದ್ದು ಕೇಳಿಸಿತು. ಅಪ್ಪ ಬೀಳಲಿಲ್ಲ. ಬಗ್ಗಿ, ಮಣ್ಣಲ್ಲಿ ಏನನ್ನೋ ಹುಡುಕತೊಡಗಿದ. ಎರಡು ಹಲ್ಲು ಸಿಕ್ಕವು, ಜೇಬಿಗೆ ಹಾಕಿಕೊಂಡ. ಇನ್ನೆರಡು ಸಿಗಲೇ ಇಲ್ಲ. ಉದ್ದಣ್ಣ ನಡುಮೈದಾನದಲ್ಲಿ ತಲೆಯ ಮೇಲೆ ಎರಡೂ ಕೈ ಹೊತ್ತು ನಿಂತಿದ್ದ. ಆಮೇಲೆ ಯಾರಿಗೂ ಹೇಳದೆ ಸೈಕಲ್ ಹತ್ತಿ ಹೊರಟುಹೋದ.

ಬಾವು ಇಳಿದ ಮೇಲೆ ಅತ್ತೆ ಅಪ್ಪನನ್ನು ತನ್ನ ಲ್ಯಾಬಿನ ಸ್ಟೂಲಿನ ಮೇಲೆ ಕೂರಿಸಿಕೊಂಡಳು.

"ಬಾಯಿ ತೆಗಿಯಣ್ಣ. ತಲೆ ಗಟ್ಟಿ ಅಂತ ಗೊತ್ತಿತ್ತು. ಹಲ್ಲೂ ಅಷ್ಟೇ ಗಟ್ಟಿ ಅಂದ್ಕೊಂಡಿದ್ಯಾ?"

ನಾಲ್ಕು ಹಲ್ಲನ್ನೂ ಅವಳೇ ಮಾಡಿದಳು. ಅಪ್ಪನ ಮದುವೆಯ ಫೋಟೋ ಮುಂದಿಟ್ಟುಕೊಂಡು, ಭೂತಗನ್ನಡಿ ಹಿಡಿದು, ಎಡಗಡೆಯ ಹಲ್ಲು ಎಷ್ಟು ವಾರೆಯಾಗಿತ್ತೋ ಅಷ್ಟೇ ವಾರೆಯಾಗಿ ಕೂರಿಸಿದಳು.

"ಹೇಗೂ ಹೊಸದು ಮಾಡ್ತಿದ್ದೀಯ, ನೆಟ್ಟಗೆ ಮಾಡಬಾರದಾ?" ಎಂದ ಅಪ್ಪ.

"ನೆಟ್ಟಗಿದ್ರೆ ಅದು ನಿನ್ನ ಹಲ್ಲು ಹೇಗಾಗುತ್ತೆ? ಅತ್ತಿಗೆಗೆ ಗುರುತು ಸಿಗಬೇಡ್ವಾ?"

ಇದಾದ ತಿಂಗಳಲ್ಲೇ ಡಿಪೋದವರೆಲ್ಲ ಸೇರಿ ಒಂದು ಹೆಲ್ಮೆಟ್ ತಂದರು. ಒಂದೇ ಒಂದು. ಹನ್ನೊಂದು ತಲೆಗೂ ಅದೇ. ಆಟ ನೋಡುವವರಿಗೆ ಅದಕ್ಕಿಂತ ದೊಡ್ಡ ತಮಾಷೆ ಬೇಕಿರಲಿಲ್ಲ. ಬಾಲು ಎದುರಿಸುವವನು ಹೆಲ್ಮೆಟ್ ಹಾಕಿಕೊಳ್ಳಬೇಕು ತಾನೆ? ಒಂದು ರನ್ ಓಡಿದರೆ ಆಚೆಯವನು ಈಚೆಗೆ ಬರುತ್ತಾನೆ, ಆಗ ಹೆಲ್ಮೆಟ್ಟೂ ತಲೆ ಬದಲಾಯಿಸಬೇಕು. ಇವನು ಬಿಚ್ಚಿ ಕೊಟ್ಟು, ಅವನು ಬೆವರು ಒರೆಸಿ ಹಾಕಿಕೊಂಡು, ಪಟ್ಟಿ ಬಿಗಿದುಕೊಳ್ಳುವಷ್ಟರಲ್ಲಿ ಅಂಪೈರ್ ಆಕಾಶ ನೋಡುತ್ತ ನಿಂತಿರುತ್ತಿದ್ದರು. ವೆಲ್ಡರನ ತಲೆ ಚಿಕ್ಕದು, ಒಳಗೊಂದು ಟವೆಲ್ ತುರುಕಿಕೊಳ್ಳುತ್ತಿದ್ದ. ವಿಕೆಟ್ ಕೀಪರ್ ಆಗಿದ್ದ ಡ್ರೈವರನ ತಲೆ ದಪ್ಪ, ಅವನಿಗೆ ಅದು ಹಣೆಯಿಂದ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಕೊನೆಗೆ ತಂಡದವರು ಒಂದು ರನ್ ಓಡುವುದನ್ನೇ ಬಿಟ್ಟರು. ಓಡಿದರೆ ಎರಡು, ಇಲ್ಲದಿದ್ದರೆ ಇಲ್ಲ.

ಅತ್ತೆಯೂ ಇದನ್ನೆಲ್ಲ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕವಳೇ. ಆದರೆ ಮನೆಗೆ ಬರುವ ದಾರಿಯಲ್ಲಿ, "ಪಾಪ, ಒಬ್ಬೊಬ್ಬನಿಗೂ ತನ್ನದು ಅಂತ ಒಂದು ಇರಬೇಕಿತ್ತು" ಅಂದಳು.

ಲ್ಯಾಬಿನ ಎದುರಿನ ಪುಸ್ತಕದಂಗಡಿಯಲ್ಲಿ ಗಾಜಿನ ಭರಣಿಯ ತುಂಬ ಪ್ಲಾಸ್ಟಿಕ್ಕಿನ ಪುಟ್ಟ ಹೆಲ್ಮೆಟ್‌ಗಳಿದ್ದವು. ಕೀಲಿಗೊಂಚಲಿಗೆ ಸಿಕ್ಕಿಸುವಂಥವು, ನಿಂಬೆಹಣ್ಣಿನಷ್ಟು ದೊಡ್ಡವು. ಕೆಂಪು, ನೀಲಿ, ಬಿಳಿ ಬಿಟ್ಟರೆ ಬೇರೆ ಬಣ್ಣವಿಲ್ಲ. ಮುಖದ ಮುಂದೆ ಜಾಲರಿಯಿಲ್ಲ, ಒಳಗೆ ಮೆತ್ತೆಯಿಲ್ಲ. ಅತ್ತೆ ಹನ್ನೊಂದು ನೀಲಿ ಆರಿಸಿ ತಂದಳು. ಮಧ್ಯಾಹ್ನ ಊಟದ ಬಿಡುವಿನಲ್ಲಿ, ದವಡೆಗಳನ್ನು ಒಂದು ಕಡೆ ಸರಿಸಿ, ಕೆಲಸ ಶುರು ಮಾಡಿದಳು. ಓರೆ ಹಲ್ಲಿಗೆ ಕಟ್ಟುವ ತೆಳು ತಂತಿಯನ್ನು ಇಕ್ಕಳದಲ್ಲಿ ಬಗ್ಗಿಸಿ, ಬೆಸೆದು, ಮುಖಕ್ಕೆ ಜಾಲರಿ ಮಾಡಿದಳು. ಹರಿದ ಸ್ಪಂಜಿನಿಂದ ಮೆತ್ತೆ. ಹಳೆಯ ಕೈಗಡಿಯಾರದ ಪಟ್ಟಿ ಸೀಳಿ ಗಲ್ಲದ ಪಟ್ಟಿ. ಬಣ್ಣ ಕಡಿಮೆ ಬಿದ್ದ ಕಡೆ ಅಮ್ಮನ ಉಗುರುಬಣ್ಣ.

ಅಷ್ಟಕ್ಕೇ ಬಿಟ್ಟಿದ್ದರೆ ಅವು ಬರೀ ಆಟಿಕೆಗಳಾಗಿ ಉಳಿಯುತ್ತಿದ್ದವು. ಅತ್ತೆ ಬಿಡಲಿಲ್ಲ. ವೆಲ್ಡರನ ಹೆಲ್ಮೆಟ್ಟಿನಿಂದ ಟವೆಲಿನ ತುದಿ ಇಣುಕುತ್ತಿತ್ತು. ಡ್ರೈವರನದ್ದನ್ನು ಬಿಸಿ ಮಾಡಿ ಹಿಗ್ಗಿಸಿದ್ದಳು. ಅಪ್ಪನದಕ್ಕೆ ಬಾಯಿಯ ಎದುರಿಗೆ ಮಾತ್ರ ಎರಡು ತಂತಿ ಹೆಚ್ಚು. ಯಾರಿಗೆ ಬಾಲು ಎಲ್ಲೆಲ್ಲಿ ತಾಗಿತ್ತೆಂದು ಕೇಳಿ ತಿಳಿದು, ಸೂಜಿಯಿಂದ ಅಲ್ಲಲ್ಲೇ ಗೀರು ಹಾಕಿದ್ದಳು.

ಡಿಪೋದ ಶೆಡ್ಡಿನಲ್ಲಿ ಒಬ್ಬೊಬ್ಬರನ್ನೇ ಕರೆದು ಕೈಗಿಟ್ಟಳು. ದೊಡ್ಡ ದೊಡ್ಡ ಗಂಡಸರು ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅಂಗೈ ಚಾಚಿ, ಮೊಟ್ಟೆ ಹಿಡಿದ ಹಾಗೆ ಹಿಡಿದುಕೊಂಡರು. ಗುಮಾಸ್ತನ ಮುಖ ಮಾತ್ರ ಸಪ್ಪಗಾಯಿತು. ಅವನ ಹೆಲ್ಮೆಟ್ ಹೊಚ್ಚ ಹೊಸದರಂತೆ ಫಳಫಳ ಹೊಳೆಯುತ್ತಿತ್ತು.

"ನಂದಕ್ಕೆ ಒಂದೂ ಗೀರಿಲ್ಲವಲ್ಲಕ್ಕ?"

"ಬಂದ ತಕ್ಷಣ ಔಟಾಗಿ ಹೋಗ್ತೀರಿ, ಗೀರು ಎಲ್ಲಿಂದ ತರಲಿ ಸ್ವಾಮಿ?"

ಶೆಡ್ಡಿನ ತಗಡು ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ಗುಮಾಸ್ತನೂ ನಕ್ಕ. ಮುಂದಿನ ಪಂದ್ಯದಲ್ಲಿ ಅವನು ಏಳು ರನ್ ಹೊಡೆದು, ಭುಜಕ್ಕೊಂದು ಪೆಟ್ಟು ತಿಂದು, ನೇರವಾಗಿ ಅತ್ತೆಯ ಹತ್ತಿರ ಬಂದು, "ಈಗ ಹಾಕಿ ಒಂದು ಗೀರು" ಅಂದ. "ಭುಜದ ಪೆಟ್ಟಿಗೆ ಹೆಲ್ಮೆಟ್ಟಿಗೆ ಗೀರು ಹಾಕಕ್ಕಾಗಲ್ಲ" ಅಂದಳು ಅತ್ತೆ. ಆ ವಿಷಯದಲ್ಲಿ ಅವಳದು ಬಲು ಕಟ್ಟುನಿಟ್ಟು.

ಆ ವರ್ಷ ಗಾಜಿನ ಕಾರ್ಖಾನೆಯವರು ಮತ್ತೆ ಆಡಲು ಬಂದರು. ಉದ್ದಣ್ಣನೂ ಬಂದಿದ್ದ. ಆದರೆ ಅವನ ಬೌಲಿಂಗಿನಲ್ಲಿ ಮೊದಲಿನ ಖದರು ಇರಲಿಲ್ಲ. ನಾಲ್ಕು ಹೆಜ್ಜೆ ಓಡಿ ಬಂದು, ಮಕ್ಕಳಿಗೆ ಎಸೆದ ಹಾಗೆ ಎಸೆಯುತ್ತಿದ್ದ. ಡಿಪೋದವರು ಮನಸಾರೆ ಚಚ್ಚಿದರು. "ವಯಸ್ಸಾಯ್ತು ಬಿಡು" ಅಂದರು. ಅವನಿಗೆ ಇಪ್ಪತ್ತಾರು ವರ್ಷ.

ಅತ್ತೆಗೆ ಮಾತ್ರ ಅದು ಬೇರೆಯೇ ಕಂಡಿತು. ಮರುದಿನವೇ ಪುಸ್ತಕದಂಗಡಿಯಿಂದ ಬಿಳಿ ಹೆಲ್ಮೆಟ್ ಒಂದನ್ನು ತಂದು, ಗಾಜಿನ ಕಾರ್ಖಾನೆಯ ಹಸಿರು ಬಣ್ಣ ಬಳಿದು, ಜಾಲರಿ ಕೂರಿಸಿದಳು. ಮುಂದಿನ ಪಂದ್ಯದ ದಿನ, ಅವರ ತಂಡ ನೀರು ಕುಡಿಯುತ್ತಿದ್ದ ಕಡೆಗೆ ನೇರವಾಗಿ ನಡೆದಳು. ನಾನೂ ಹಿಂದೆಯೇ ಹೋದೆ. ಅವಳನ್ನು ಕಂಡದ್ದೇ ಉದ್ದಣ್ಣ ಎದ್ದು ನಿಂತ.

"ನಾನು ಅವರ ತಂಗಿ. ನೀವು ಬಾಲು ಹಾಕಿದ್ರಲ್ಲ, ಅವರ ತಂಗಿ."

"ಗೊತ್ತಕ್ಕ." ಅವನ ದನಿ ಅಷ್ಟು ಎತ್ತರದ ಮೈಯಿಂದ ಬಂದದ್ದೆಂದು ನಂಬಲಾಗದಷ್ಟು ಸಣ್ಣಗಿತ್ತು. "ಅವತ್ತೇ ಬಂದು ಕ್ಷಮೆ ಕೇಳಬೇಕಿತ್ತು. ಎರಡು ಸಲ ನಿಮ್ಮ ಲ್ಯಾಬಿನ ಮೆಟ್ಟಿಲ ತನಕ ಬಂದೆ. ಹತ್ತಕ್ಕೆ ಕಾಲೇ ಬರಲಿಲ್ಲ."

"ಬೇಕಂತ ನಿಧಾನ ಹಾಕ್ತಿದ್ದೀರಿ, ಅಲ್ವಾ?"

ಅತ್ತೆ ಹಸಿರು ಹೆಲ್ಮೆಟ್ಟನ್ನು ಅವನ ಅಂಗೈಯಲ್ಲಿಟ್ಟಳು. ಕುಲುಮೆಯ ಬಿಸಿಗೆ ಗಟ್ಟಿಯಾಗಿದ್ದ ಆ ಕೈಯಲ್ಲಿ ಅದು ಅಂಗಿಯ ಗುಂಡಿಯ ಹಾಗೆ ಕಂಡಿತು.

"ನೋಡಿ, ಹಲ್ಲು ಹೋಯ್ತು, ನಾನು ಮಾಡಿಕೊಟ್ಟೆ. ಅದು ಅಲ್ಲಿಗೆ ಮುಗೀತು. ಈಗ ಅವರ ತಲೆಗೆ ಹೆಲ್ಮೆಟ್ ಇದೆ. ನಮ್ಮಣ್ಣ ನಿಮ್ಮ ಈ ಬೌಲಿಂಗಿಗೆ ಐವತ್ತು ಹೊಡೆದು ಮನೇಲಿ ಎರಡು ದಿನ ಅದನ್ನೇ ಕೊರೀತಾನೆ. ನಮಗೆ ಕೇಳಕ್ಕಾಗ್ತಿಲ್ಲ. ಜೋರಾಗಿ ಹಾಕಿ."

ಉದ್ದಣ್ಣ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಕಣ್ಣಲ್ಲಿ ನೀರು ಬಂತು. ತಲೆ ಅತ್ತ ತಿರುಗಿಸಿಕೊಂಡ. ಅವತ್ತು ಅವನು ಸೈಕಲ್ ನಿಲ್ಲಿಸಿದ್ದ ಜಾಗದಿಂದ ಓಡಿ ಬಂದನೇನೋ ಅನ್ನುವಷ್ಟು ದೂರದಿಂದ ಓಡಿ ಬಂದ. ಎರಡನೆಯ ಬಾಲಿಗೇ ಅಪ್ಪನ ನಡುವಿನ ಸ್ಟಂಪು ಹಾರಿ ಕೀಪರನ ಕಾಲ ಬಳಿ ಬಿತ್ತು. ಅಪ್ಪ ಹೆಲ್ಮೆಟ್ ಬಿಚ್ಚುತ್ತ ಬರುವಾಗ ಯಾರೋ ಹೋಗಿ ನಡೆದದ್ದನ್ನೆಲ್ಲ ಕಿವಿಗೆ ಊದಿಬಿಟ್ಟರು.

"ಲೇ ಮನೆಹಾಳಿ! ಒಡಹುಟ್ಟಿದವಳು ಮಾಡೋ ಕೆಲಸಾನಾ ಇದು?" ಎಂದು ಬ್ಯಾಟು ಹಿಡಿದೇ ಅಟ್ಟಿಸಿಕೊಂಡು ಬಂದ. ಅತ್ತೆ ಅಮ್ಮನ ಬೆನ್ನ ಹಿಂದೆ ಅಡಗಿ ನಗುತ್ತಿದ್ದಳು. ಅಪ್ಪನಿಗೂ ನಗು ತಡೆಯಲಾಗಲಿಲ್ಲ. ಅವತ್ತು ಸಂಜೆ ಉದ್ದಣ್ಣ ನಮ್ಮ ಮನೆಯಲ್ಲೇ ಚಹಾ ಕುಡಿದ. ಬಾಗಿಲಲ್ಲಿ ಬಗ್ಗುವುದನ್ನು ಮರೆತು ಹಣೆ ಗಟ್ಟಿಸಿಕೊಂಡಾಗ, "ಇವನಿಗೂ ಒಂದು ನಿಜವಾದ ಹೆಲ್ಮೆಟ್ ಬೇಕು ಕಣೇ" ಅಂದ ಅಪ್ಪ.

ಅಲ್ಲಿಂದ ಮುಂದೆ ಅತ್ತೆಯ ಹುಚ್ಚು ಬೆಳೆಯುತ್ತಲೇ ಹೋಯಿತು. ಎದುರಾಳಿ ತಂಡಗಳವರಿಗೂ ಮಾಡತೊಡಗಿದಳು. ಎರಡು ಮಾಡಿ ಒಂದು ಅವರಿಗೆ ಕೊಟ್ಟು, ಒಂದು ತಾನಿಟ್ಟುಕೊಳ್ಳುವಳು. ಯಾವುದೋ ಊರಿಗೆ ಹೋದ ಹಲ್ಲಿನ ಡಾಕ್ಟರು ಐಸ್ ಹಾಕಿಯ ಆಟಿಕೆ ಹೆಲ್ಮೆಟ್ ತಂದುಕೊಟ್ಟರು. ಸೈಕಲ್ ರೇಸಿನವು, ಕಾರ್ ರೇಸಿನವು, ಕುದುರೆ ಸವಾರರವು ಒಂದೊಂದಾಗಿ ಬಂದು ಸೇರಿದವು. ಉದ್ದಣ್ಣ ಕಾರ್ಖಾನೆಯ ಚೂರುಪಾರು ಗಾಜಿನಲ್ಲಿ ಪುಟ್ಟ ಪುಟ್ಟ ಗುಮ್ಮಟಗಳನ್ನು ಊದಿ ತಂದುಕೊಟ್ಟ, ದೂಳು ಕೂರದಿರಲಿ ಎಂದು. ಅವಳ ಕೋಣೆಯಲ್ಲಿ ಮಂಚ ಬಿಟ್ಟರೆ ಉಳಿದದ್ದೆಲ್ಲ ಕಪಾಟು. ಬೆಳಿಗ್ಗೆ ಬಿಸಿಲು ಬಿದ್ದಾಗ ಆ ಗುಮ್ಮಟಗಳ ಬೆಳಕು ಕಪಾಟುಗಳ ಮೇಲಿನ ಗೋಡೆಗೆಲ್ಲ ಚೆಲ್ಲುತ್ತಿತ್ತು. ರಜೆಯ ದಿನ ನಾನು ಅಲ್ಲೇ ಮಲಗಿ ಅದನ್ನು ನೋಡುತ್ತಿದ್ದೆ. ಈಗಲೂ ಬಾಲ್ಯ ಅಂದರೆ ನನಗೆ ಮೊದಲು ನೆನಪಾಗುವುದು ಆ ಗೋಡೆ.

ಆಮೇಲಿನದು ಎಲ್ಲ ಕಡೆ ಆಗುವಂಥದ್ದೇ. ಡಿಪೋ ಊರಾಚೆಗೆ ಹೋಯಿತು, ಮೈದಾನದಲ್ಲಿ ನಾಲ್ಕಂತಸ್ತಿನ ಕಟ್ಟಡ ಎದ್ದಿತು. ಲ್ಯಾಬಿಗೆ ಯಂತ್ರ ಬಂತು. ಕಂಪ್ಯೂಟರಿನಲ್ಲಿ ಅಚ್ಚು ನೋಡಿ ತಾನೇ ಹಲ್ಲು ಕೊರೆಯುವ ಯಂತ್ರ. ಅತ್ತೆ ಅದರ ಮೇಲೆ ಸಿಟ್ಟಾಗಲಿಲ್ಲ. "ನನಗಿಂತ ಚೆನ್ನಾಗಿ ಮಾಡುತ್ತೆ. ಆದ್ರೆ ಎಲ್ಲರನ್ನೂ ನೆಟ್ಟಗೆ ನಗಿಸಿಬಿಡುತ್ತೆ" ಅಂದಳಷ್ಟೆ. ಅರವತ್ತು ದಾಟುವಾಗ ಅವಳ ಬಲಗೈ ಸಣ್ಣಗೆ ನಡುಗಲು ಶುರುವಾಯಿತು. ಒಂದು ದಿನ ಜಾಲರಿಯ ತಂತಿ ಮೂರು ಸಲ ತಪ್ಪಿತು. ಇಕ್ಕಳ ಒರೆಸಿ ಡಬ್ಬಿಗೆ ಹಾಕಿ, "ಸಾಕು, ಮುನ್ನೂರ ಹನ್ನೆರಡಾಯ್ತು" ಅಂದಳು. ಅತ್ತಳೇನೋ ಎಂದು ನಾನು ಅಡುಗೆಮನೆಯಿಂದ ಇಣುಕಿ ನೋಡಿದೆ. ಅವಳು ಪತ್ರಿಕೆ ಓದುತ್ತಿದ್ದಳು.

ಅಪ್ಪ ತೀರಿಕೊಂಡಾಗ ಮಾತ್ರ ಅತ್ತೆ ತಡೆದುಕೊಳ್ಳಲಿಲ್ಲ. ಅತ್ತೆಯ ಕಪಾಟಿನಲ್ಲೇ ಇರುತ್ತಿದ್ದ ಅಪ್ಪನ ನೀಲಿ ಹೆಲ್ಮೆಟ್ಟನ್ನು ಅಮ್ಮ ತನ್ನ ಹಾಸಿಗೆಯ ಪಕ್ಕ ಇಟ್ಟುಕೊಳ್ಳುತ್ತೇನೆ ಅಂದಳು. ಅತ್ತೆ ತಾನೇ ತಂದುಕೊಟ್ಟು, "ಅತ್ತಿಗೆ, ಪಟ್ಟಿ ಹಳೇದು, ಎಳೀಬೇಡಿ" ಎಂದು ಹೇಳುತ್ತ ಹೇಳುತ್ತಲೇ ಬಿಕ್ಕಿದಳು. ಇಬ್ಬರೂ ಬಹಳ ಹೊತ್ತು ಹಾಗೇ ಕೈ ಹಿಡಿದು ಕೂತಿದ್ದರು.

ಈಗ ಅತ್ತೆ ನನ್ನ ಮನೆಯಲ್ಲಿದ್ದಾಳೆ. ಕಪಾಟುಗಳೂ ಅವಳ ಜೊತೆಗೇ ಬಂದಿವೆ. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಕೂತು ಒಂದೊಂದನ್ನೇ ತೆಗೆದು ಒರೆಸುತ್ತೇವೆ. ಅವಳು ಕೈಗೆತ್ತಿಕೊಂಡ ಪ್ರತಿಯೊಂದಕ್ಕೂ ಒಂದು ಕತೆ. ಇವನು ಓಡುವಾಗ ಚಪ್ಪಲಿ ಬಿಚ್ಚಿ ಓಡ್ತಿದ್ದ, ಇವನಿಗೆ ಹೆಂಡತಿ ನೋಡ್ತಿದ್ರೆ ಮಾತ್ರ ರನ್ ಬರ್ತಿತ್ತು, ಹೀಗೆ. ಮೊನ್ನೆ ಕೆಳಗಿನ ಸಾಲಿನ ಮೂಲೆಯಿಂದ ಒಂದು ಹಳದಿ ಹೆಲ್ಮೆಟ್ ಸಿಕ್ಕಿತು. ಬಲಗಿವಿಯ ಮೇಲೆ ಉದ್ದನೆಯ ಗೀರು, ಪಟ್ಟಿಗೆ ಹಾಕಿದ್ದ ಕೆಂಪು ಹೊಲಿಗೆ ಇನ್ನೂ ಬಿಗಿಯಾಗಿತ್ತು.

"ಇದು ಯಾರದತ್ತೆ?"

ಅವಳು ಕನ್ನಡಕ ಸರಿಮಾಡಿಕೊಂಡಳು. ಬೆಳಕಿಗೆ ಹಿಡಿದಳು. ಗೀರಿನ ಮೇಲೆ ಬೆರಳಾಡಿಸಿದಳು.

"ಗೊತ್ತಾಗ್ತಿಲ್ಲ ಕಣೇ. ಈ ಗೀರು ನಾನು ಸುಮ್ಮನೆ ಹಾಕಿರಲ್ಲ. ಯಾರಿಗೋ ಇಲ್ಲಿ ಜೋರಾಗಿ ಬಿದ್ದಿತ್ತು."

"ಹಾಗಾದ್ರೆ ಏನ್ ಮಾಡೋಣ?"

"ಮಾಡೋದೇನು, ಒರೆಸು. ಯಾರೇ ಆಗಿರಲಿ, ಎಲ್ಲಾದ್ರೂ ಚೆನ್ನಾಗಿರಲಿ" ಎಂದು ನನ್ನ ಕೈಗಿಟ್ಟು, ಮುಂದಿನ ಗುಮ್ಮಟ ಎತ್ತಿಕೊಂಡಳು.